ಎಂಟನೇ ಕೊಳವೆ

ತಗಡಿನ ವಿಷಯದಲ್ಲಿ ನನ್ನ ಸಮಕ್ಕೆ ನಿಲ್ಲುವವರು ಈ ಊರಲ್ಲಿ ಇಲ್ಲ, ಪಕ್ಕದ ಊರಲ್ಲೂ ಇಲ್ಲ. ಸಮುದ್ರದ ಆಚೆ ಒಬ್ಬನಿದ್ದ ಅಂತ ಕೇಳಿದ್ದೆ, ಈಗ ಅವನೂ ಇಲ್ಲವಂತೆ. ನಾನು ಸುತ್ತಿಗೆ ಎತ್ತುವುದೇ ಬೇಡ, ಒಮ್ಮೆ ಕೆಮ್ಮಿದರೆ ಸಾಕು, ತಗಡು ತಾನಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಇಂಥ ನನ್ನ ಕೈಯಿಂದ ಒಬ್ಬ ಮನುಷ್ಯ ಹದಿನಾಲ್ಕು ತಿಂಗಳಲ್ಲಿ ಒಂದೇ ಬೇಕರಿಗೆ ಏಳು ಹೊಗೆಕೊಳವೆ ಮಾಡಿಸಿ ಏಳನ್ನೂ ಕಿತ್ತುಹಾಕಿಸಿದ. ಅವನ ಮೇಲೆ ನಾನು ತೀರಿಸಿಕೊಂಡ ಸೇಡನ್ನು ಹೇಳುತ್ತೇನೆ ಕೇಳಿ. ಅರ್ಧ ಸೇಡು ನನ್ನದು. ಇನ್ನರ್ಧ ನನ್ನ ಅಕ್ಕನದು, ಅದೇ ದೊಡ್ಡರ್ಧ. ಇದನ್ನು ಒಪ್ಪಿಕೊಳ್ಳುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಬೇಕರಿ ಅಕ್ಕನದು. ಭಾವ ಹೋದ ಮೇಲೆ ಹತ್ತೊಂಬತ್ತು ವರ್ಷ ಒಬ್ಬಳೇ ನಡೆಸಿದಳು. ಬೀದಿಗೆ ಮುಖ ಮಾಡಿ ಗಾಜಿನ ಕೌಂಟರು, ಅದರ ಹಿಂದೆ ಹಿಟ್ಟು ನಾದಿ ನಾದಿ ನಡುವೆ ತಗ್ಗುಬಿದ್ದ ಮರದ ಮೇಜು, ಅದರ ಹಿಂದೆ ಇಟ್ಟಿಗೆಯ ಭಟ್ಟಿ. ಆ ಭಟ್ಟಿ ಆರಿದ್ದನ್ನು ನಾನು ನೋಡಿರಲಿಲ್ಲ. ಅಕ್ಕನ ಬನ್ನು ಎಷ್ಟು ಹಗುರ ಅಂದರೆ ಫ್ಯಾನು ಹಾಕಿದರೆ ತಟ್ಟೆಯಿಂದ ಎದ್ದುಹೋಗುತ್ತಿತ್ತು. ಗಿರಾಕಿಗಳು ಒಂದು ಕೈಯಲ್ಲಿ ಟೀ, ಇನ್ನೊಂದು ಕೈಯಲ್ಲಿ ಬನ್ನನ್ನು ಅದುಮಿ ಹಿಡಿದುಕೊಂಡು ಕೂರುತ್ತಿದ್ದರು. ಬೀದಿಯ ಆ ಬದಿಗೆ, ಸರಿಯಾಗಿ ಎದುರಿಗೆ, ನಾಲ್ಕು ಮಹಡಿಯ ನಿಯಮ ಕಚೇರಿ. ಅಂಗಡಿ, ಭಟ್ಟಿ, ಮೆಟ್ಟಿಲು, ಬೋರ್ಡು, ಒಗೆದ ಬಟ್ಟೆ ಒಣಹಾಕುವ ಹಗ್ಗ, ಎಲ್ಲದಕ್ಕೂ ನಿಯಮ ಬರೆಯುವುದು ಅಲ್ಲಿ. ಅಲ್ಲಿನ ಗುಮಾಸ್ತರೆಲ್ಲ ಅಕ್ಕನ ಗಿರಾಕಿಗಳೇ. ಹತ್ತೊಂಬತ್ತು ವರ್ಷ ಅವರ ನಿಯಮ ಒಂದೇ ಇತ್ತು: ಬೇಕರಿಯ ಹೊಗೆಕೊಳವೆ ಹನ್ನೆರಡು ಅಡಿ ಇರಬೇಕು. ಇತ್ತು. ಅಷ್ಟೇ ಮಾತು.

ಆಮೇಲೆ ಹೊಸ ಮುಖ್ಯಾಧಿಕಾರಿ ಬಂದ. ಬಂದ ತಿಂಗಳೊಳಗೆ ಊರು ಅವನಿಗೆ ತಿದ್ದುಪಡಿ ಸಾಹೇಬ ಅಂತ ಹೆಸರಿಟ್ಟಿತು. ಮನುಷ್ಯನಿಗೆ ಎರಡು ಚಟ ಇರುತ್ತವೆ, ಮೂರು ಇರುತ್ತವೆ. ಇವನಿಗೆ ಇದ್ದದ್ದು ಒಂದೇ, ಬರೆದದ್ದನ್ನು ತಿದ್ದುವುದು. ಬೆಳಿಗ್ಗೆ ಹಲ್ಲುಜ್ಜಲು ಶುರು ಮಾಡಿ ನಡುವೆ ಮನಸ್ಸು ಬದಲಾಯಿಸುತ್ತಾನೆ ಅಂತ ಅವನ ಮನೆಕೆಲಸದವಳೇ ಹೇಳಿದ್ದಾಳೆ. ಮೊದಲು ಕೊಳವೆ ಹದಿನೈದು ಅಡಿ ಇರಲಿ ಅಂದ. ಮಾಡಿದೆ. ಮೇಲೆ ಟೋಪಿ ಬೇಕು ಅಂದ. ಇಟ್ಟೆ. ಟೋಪಿಯಿಂದ ಹೊಗೆ ಕೆಳಗೆ ಬರುತ್ತದೆ, ಟೋಪಿ ಬೇಡ, ಕೊಳವೆ ಚೌಕವಾಗಿರಲಿ ಅಂದ. ಚೌಕ ಮಾಡಿದೆ. ಚೌಕದ ಮೂಲೆಯಲ್ಲಿ ಮಸಿ ಕೂರುತ್ತದೆ, ದುಂಡಗೇ ಇರಲಿ, ಹದಿನೆಂಟು ಅಡಿ ಇರಲಿ ಅಂದ. ಎಬ್ಬಿಸಿದೆ. ನಡುವೆ ಮೊಣಕೈಯಂತೆ ಬಾಗಿದ ಒಂದು ಎಲ್ಬೋ ಇರಲಿ ಅಂದ. ಅದನ್ನೂ ಕೂರಿಸಿದೆ. ನನ್ನ ಮನೆಯ ಹಿತ್ತಲು ಹಳೆಯ ಕೊಳವೆಗಳಿಂದ ತುಂಬಿ, ಗಾಳಿ ಬಂದಾಗ ಅವೆಲ್ಲ ಒಟ್ಟಿಗೆ ಊಳಿಟ್ಟು, ಇಲ್ಲಿಂದ ರೈಲು ಹೊರಡುತ್ತದೇನೋ ಅಂದುಕೊಂಡು ಜನ ಪೆಟ್ಟಿಗೆ ಹಿಡಿದು ಬಂದು ನಿಂತಿದ್ದೂ ಉಂಟು.

ಅವನ ಕೆಲಸದ ರೀತಿ ನನಗೆ ಆಗಲೇ ಅರ್ಥವಾಗಿತ್ತು. ತಗಡಿನವನಿಗೆ ತೂತು ಕಾಣುವಷ್ಟು ಬೇಗ ಬೇರೆ ಯಾರಿಗೂ ಕಾಣುವುದಿಲ್ಲ. ಸಾಹೇಬ ಯೋಚಿಸಿ ಬರೆಯುತ್ತಿರಲಿಲ್ಲ, ಬರೆದು ಯೋಚಿಸುತ್ತಿದ್ದ. ಮೊದಲು ಹೊರಡಿಸಿದ್ದರಲ್ಲಿ ಯಾವಾಗಲೂ ಒಂದು ತೂತು ಇರುತ್ತಿತ್ತು. ಆಮೇಲೆ ಬರುವ ತಿದ್ದುಪಡಿ ಆ ತೂತಿಗೆ ಹಾಕಿದ ತೇಪೆ. ಹೇಗೂ ತಿದ್ದಬಹುದಲ್ಲ ಅಂತ ಅವನು ಎರಡನೇ ಸಲ ಓದುತ್ತಲೇ ಇರಲಿಲ್ಲ.

ಐದನೇ ಕೊಳವೆ ಹಾಕಿ ಮುಗಿಸಿದ್ದು ಒಂದು ಸೋಮವಾರ. ಎಲ್ಬೋ ಬೇಡ ಅನ್ನುವ ಆರನೇ ನಿಯಮ ನೋಟಿಸ್ ಬೋರ್ಡಿಗೆ ಬಿದ್ದದ್ದು ಮಂಗಳವಾರ ಸಂಜೆ. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಇನ್‌ಸ್ಪೆಕ್ಟರು ಬಂದು, ಎಲ್ಬೋ ನೋಡಿ, ನೆಲ ನೋಡಿ, ಭಟ್ಟಿಯ ಬಾಗಿಲಿಗೆ ಅರಗಿನ ಮುದ್ರೆ ಒತ್ತಿದರು. ಪಾಪ, ಒಳ್ಳೆಯ ಮನುಷ್ಯ. ಒಳಗೆ ಅರ್ಧ ಬೆಂದ ಇನ್ನೂರು ಬನ್ನು ಹಾಗೇ ಉಳಿದವು.

ಬರೀ ಮುದ್ರೆಯಾಗಿದ್ದರೆ ಸಹಿಸಬಹುದಿತ್ತು. ಭಟ್ಟಿ ತೊಂಬತ್ತು ದಿನ ಉರಿಯದಿದ್ದರೆ ಲೈಸೆನ್ಸು ರದ್ದು, ಮತ್ತೆ ಕೊಡುವುದಿಲ್ಲ. ಆ ಕಚೇರಿಯಲ್ಲಿ ಸಾಹೇಬ ಕೈ ಹಾಕದೆ ಬಿಟ್ಟಿದ್ದ ನಿಯಮ ಅದೊಂದೇ.

ನಾನು ಆರನೇ ಕೊಳವೆ ಎರಡೇ ದಿನದಲ್ಲಿ ಎಬ್ಬಿಸಿದೆ. ಬಂದು ನೋಡಿ ಮುದ್ರೆ ತೆಗೆಯಿರಿ ಅಂತ ಅರ್ಜಿ ಕೊಟ್ಟೆವು. ಅರ್ಜಿ ಕೊಟ್ಟ ಹದಿನಾಲ್ಕನೇ ದಿನ ತಪಾಸಣೆ. ಅದು ಅವರ ಪದ್ಧತಿ. ಹತ್ತನೇ ದಿನ ಏಳನೇ ನಿಯಮ ಬಂತು. ಏಳನೆಯದನ್ನು ಒಂದೂವರೆ ದಿನದಲ್ಲಿ ಎಬ್ಬಿಸಿದೆ, ಉಸಿರು ಕೂಡ ಬಿಡಲಿಲ್ಲ. ಮತ್ತೆ ಅರ್ಜಿ, ಮತ್ತೆ ಹದಿನಾಲ್ಕು ದಿನ. ಹನ್ನೊಂದನೇ ದಿನ ಬೋರ್ಡಿನ ಮೇಲೆ ಚೀಟಿ ಬಿತ್ತು: ಕೊಳವೆಯ ನಿಯಮ ಮರುಪರಿಶೀಲನೆಯಲ್ಲಿದೆ, ಹೊಸದು ಬರುವ ತನಕ ತಪಾಸಣೆ ಇಲ್ಲ. ಲೆಕ್ಕ ಆಗ ನನ್ನ ತಲೆಗೆ ಹೊಳೆಯಿತು. ತಪಾಸಣೆಗೆ ಹದಿನಾಲ್ಕು ದಿನ, ನಿಯಮದ ಆಯುಸ್ಸು ಹತ್ತೋ ಹನ್ನೊಂದೋ ದಿನ. ನಾನು ಗಾಳಿಯ ವೇಗದಲ್ಲಿ ಕೆಲಸ ಮಾಡಿದರೂ, ಮಾಡುತ್ತೇನೆ ಕೂಡ, ಆ ಭಟ್ಟಿ ತೆರೆಯುವಂತಿರಲಿಲ್ಲ.

ಅಕ್ಕ ಸಾಹೇಬನನ್ನು ನೋಡಲು ಹೋದಳು. ನಾನು ಜೊತೆಗಿದ್ದೆ. ಬೆಳಿಗ್ಗೆ ಹತ್ತಕ್ಕೆ ಹೋದವಳನ್ನು ನಾಲ್ಕಕ್ಕೆ ಒಳಗೆ ಕರೆದ. ಮೂರನೇ ಮಹಡಿ, ಬೀದಿಯ ಕಡೆ ದೊಡ್ಡ ಕಿಟಕಿ, ಅದರ ಪಕ್ಕದಲ್ಲೇ ಅವನ ಮೇಜು. ಅವನ ತಲೆ ಎಷ್ಟು ಬೋಳು ಅಂದರೆ ಅದರಲ್ಲಿ ನನ್ನ ಮುಖ ಕಂಡಿತು, ನಾನು ಕೂದಲು ಸರಿ ಮಾಡಿಕೊಂಡೆ. ಅಕ್ಕ ನಿಂತೇ ಇದ್ದಳು, ಅವನು ಕೂರು ಅನ್ನಲಿಲ್ಲ.

"ಸಾರ್, ಮುಂದಿನ ನಿಯಮಾನ ಹೇಗೆ ಬೇಕಾದ್ರೂ ಮಾಡಿ. ಒಂದು ತಿಂಗಳು ಹಾಗೇ ಬಿಡಿ, ಅಷ್ಟು ಸಾಕು," ಅಂದಳು ಅಕ್ಕ.

ಅವನು ಕಾಗದದಿಂದ ಕಣ್ಣೆತ್ತಲಿಲ್ಲ. "ನಿಯಮದ ಜೊತೆ ಓಡೋಕೆ ಆಗಲ್ಲ ಅಂದ್ರೆ ಭಟ್ಟಿ ಯಾಕಮ್ಮ ಹಚ್ತೀರಿ? ವಯಸ್ಸಾಯ್ತು. ಮನೇಲಿ ಕೂತು ಟೀವಿ ನೋಡಿ."

ಅಕ್ಕ ತಿರುಗಿ ಹೊರಟಳು. ಮೆಟ್ಟಿಲಿಳಿದು, ಬೀದಿ ದಾಟಿ, ಬೇಕರಿಗೆ ಬಂದು, ಹುದುಗು ಹಿಟ್ಟಿನ ಪಾತ್ರೆ ತೆಗೆದು ಒಂದು ಹಿಡಿ ಹೊಸ ಹಿಟ್ಟು ಕಲಸಿದಳು. ಬೇಯಿಸಲು ಬೆಂಕಿ ಇಲ್ಲದಿದ್ದರೂ ಆ ಹುದುಗನ್ನು ಸಾಯಗೊಡದೆ ದಿನಾ ಹೀಗೆ ಉಣಿಸುತ್ತಿದ್ದಳು. ಅವತ್ತು ಕಲಸುವಾಗ ಅವಳ ಬೆರಳು ಬೆಳ್ಳಗಾದದ್ದು ಹಿಟ್ಟಿನಿಂದಲ್ಲ. ಇವನನ್ನು ಬಿಡಬಾರದು ಅಂತ ನಾನು ಆಗ ತೀರ್ಮಾನಿಸಿದೆ. ನಾನು ತೀರ್ಮಾನಿಸಿದರೆ ಬೆಟ್ಟ ಕೂಡ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ.

ಅವನ ಬಲ ಇದ್ದದ್ದು ತಿದ್ದುವುದರಲ್ಲಿ. ಹಾಗಾದರೆ ಕೀಳಬೇಕಾದ್ದು ಅದನ್ನೇ. ನಮ್ಮ ವಾರ್ಡಿನಿಂದ ನಗರಸಭೆಗೆ ಗೆದ್ದಿದ್ದವಳು ಬೀದಿಯ ಕೊನೆಯ ಲಾಂಡ್ರಿಯವಳು. ಎಲ್ಲರೂ ಲಾಂಡ್ರಿಯಮ್ಮ ಅನ್ನುತ್ತಾರೆ. ಬಟ್ಟೆ ಒಣಹಾಕುವ ಹಗ್ಗದ ಎತ್ತರವನ್ನು ಸಾಹೇಬ ನಾಲ್ಕು ಸಲ ಬದಲಾಯಿಸಿ, ಅವಳ ಕೆಲಸದವರು ಒಂದು ತಿಂಗಳು ಏಣಿ ಹತ್ತಿ, ಮುಂದಿನ ತಿಂಗಳು ಮಂಡಿಯೂರಿ ಬಟ್ಟೆ ಹಾಕಿದ್ದರು. ಅವಳ ಹೊಟ್ಟೆಯಲ್ಲಿ ನನಗಿಂತ ಜಾಸ್ತಿ ಉರಿ ಇತ್ತು. ಇಬ್ಬರೂ ಕೂತು ಮಾತಾಡಿದೆವು. ಹೆಚ್ಚು ಮಾತಾಡಿದ್ದು ನಾನೇ.

ಮುದ್ರೆ ಬಿದ್ದ ಅರವತ್ತೆರಡನೇ ದಿನ ನಗರಸಭೆಯ ಬೈಠಕ್ಕು. ಬೆಳಿಗ್ಗೆಯೇ ನಾನು ಏಳೂ ಕೊಳವೆಗಳನ್ನು ಎರಡು ಗಾಡಿಯಲ್ಲಿ ಹೇರಿಕೊಂಡು ಹೋಗಿ ಸಭಾಭವನದ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿದೆ. ಒಂದೊಂದರ ಕೊರಳಿಗೂ ಒಂದೊಂದು ರಟ್ಟು: ಯಾವ ದಿನ ನಿಯಮ ಬಂತು, ಯಾವ ದಿನ ಹೋಯಿತು. ದುಂಡಗಿನದು, ಟೋಪಿಯದು, ಚೌಕದ್ದು, ಎಲ್ಬೋದ್ದು. ನೋಡಲು ಬಂದ ಜನ ಹತ್ತು ಸಾವಿರ. ಅಕ್ಕ ಮುನ್ನೂರು ಅನ್ನುತ್ತಾಳೆ. ಅವಳಿಗೆ ಹಿಂದಿನ ಸಾಲು ಕಾಣಲಿಲ್ಲ. ಸದಸ್ಯರು ಕೊಳವೆಗಳ ಸಂದಿಯಲ್ಲಿ ತೂರಿಕೊಂಡು ಒಳಗೆ ಹೋಗಬೇಕಾಯಿತು, ಮೂವರ ಅಂಗಿಗೆ ಮಸಿ ಹತ್ತಿತು. ಆ ಮಸಿಯೇ ನಮ್ಮ ಪರ ಅರ್ಧ ವಾದ ಮಾಡಿತು.

ಒಳಗೆ ಲಾಂಡ್ರಿಯಮ್ಮ ಎದ್ದು ತನ್ನ ಪ್ರಸ್ತಾವ ಓದಿದಳು. ಯಾವ ಕಚೇರಿಯೇ ಇರಲಿ, ಒಂದು ವಿಷಯದ ಮೇಲೆ ಒಮ್ಮೆ ನಿಯಮ ಮಾಡಿದರೆ ಮೂರು ವರ್ಷ ಅದನ್ನು ಮುಟ್ಟಬಾರದು. ಬೆಂಕಿ, ಪ್ರವಾಹದಂಥ ಆಪತ್ತು ಬಂದರೆ ಮಾತ್ರ ವಿನಾಯಿತಿ, ಅದಕ್ಕೂ ಇಡೀ ಸಭೆ ಒಪ್ಪಬೇಕು. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಜಾರಿ. ಸಾಹೇಬ ಅಧಿಕಾರಿಗಳ ಸಾಲಿನಲ್ಲಿ ಕೂತು ನಗುತ್ತಿದ್ದ. ಒಬ್ಬ ಹಿರಿಯ ಸದಸ್ಯರು, ವಕೀಲರು, ಒಂದು ನ್ಯಾಯವಾದ ಪ್ರಶ್ನೆ ಕೇಳಿದರು: ನಿಯಮವೇ ತಪ್ಪಾಗಿದ್ದರೆ ಮೂರು ವರ್ಷ ಆ ತಪ್ಪನ್ನೇ ಜನ ಹೊರಬೇಕಾ?

"ಮೂರು ವರ್ಷ ಹೊರಬೇಕಾಗುತ್ತೆ ಅಂತ ಗೊತ್ತಿದ್ರೆ ಬರೆಯೋಕೆ ಮೊದ್ಲು ಯೋಚಿಸ್ತಾರೆ ಸಾರ್," ಅಂದಳು ಲಾಂಡ್ರಿಯಮ್ಮ. "ಈಗ ಬರೆಯೋರು ಅವ್ರು, ಹೊರೋರು ನಾವು. ಹೊರಗೆ ಏಳು ನಿಂತಿವೆ, ಎತ್ತಿ ನೋಡಿ."

ಕೈ ಎತ್ತಿದವರನ್ನು ಎಣಿಸುವ ಕೆಲಸವೇ ಬರಲಿಲ್ಲ, ಎತ್ತದೆ ಇದ್ದವರನ್ನು ಎಣಿಸಿದರು. ಇಬ್ಬರು. ಹೊರಗೆ ಬರುವಾಗ ಸಾಹೇಬ ಕೊಳವೆಗಳ ಪಕ್ಕ ನಿಂತು ನನ್ನನ್ನು ನೋಡಿದ. ನಗು ಹೋಗಿತ್ತು. ಪತ್ರಿಕೆಯವರು ಅವನನ್ನು ಟೋಪಿ ಕೊಳವೆಯ ಜೊತೆ ನಿಲ್ಲಿಸಿ ಫೋಟೋ ಹಿಡಿದರು, ಮರುದಿನ ಅದೇ ಮೊದಲ ಪುಟದಲ್ಲಿ. ಬೋಳುತಲೆಯ ಮೇಲೆ ಸರಿಯಾಗಿ ಟೋಪಿ ಬರುವ ಹಾಗೆ ಯಾರೋ ಕೋನ ಹುಡುಕಿದ್ದರು. ಆ ಯಾರೋ ಯಾರು ಅಂತ ನಾನು ಹೇಳುವುದಿಲ್ಲ.

ಒಂದನೇ ತಾರೀಕಿಗೆ ಇನ್ನೂ ಹನ್ನೊಂದು ದಿನವಿತ್ತು. ಆ ಹನ್ನೊಂದು ದಿನ ಅವನು ಹೆಂಡ ಕುಡಿದ ಕೋತಿಯ ಹಾಗೆ ನಿಯಮ ಬರೆದ. ಕಚೇರಿಯ ಆದೇಶಗಳಿಗೆ ಸಂಖ್ಯೆ ಹಾಕಿ ರಿಜಿಸ್ಟರಿಗೆ ಏರಿಸುವ ಹೆಂಗಸು, ನಾವು ಕ್ಲರ್ಕಮ್ಮ ಅನ್ನುತ್ತೇವೆ, ಸಂಜೆ ಬೇಕರಿಗೆ ಬಂದು ಬರಿ ಟೀ ಕುಡಿಯುತ್ತ ಬೆರಳು ಒತ್ತಿಕೊಳ್ಳುತ್ತಿದ್ದಳು. ಅವಳ ಸಂಖ್ಯೆ ಬೀಳದೆ ಯಾವ ಆದೇಶವೂ ಆದೇಶವಲ್ಲ. ನಲವತ್ತಮೂರು ಹಾಕಿದೆ ಅಂದಳು. ಬೋರ್ಡಿನ ಬಣ್ಣ, ಮೆಟ್ಟಿಲಿನ ಅಗಲ, ಕಡೆಗೆ ಕಚೇರಿಯೊಳಗೆ ಯಾರ ಮೇಜು ಯಾವ ಕೋಣೆಯಲ್ಲಿರಬೇಕು ಅನ್ನುವುದಕ್ಕೂ ಒಂದು. ನಮ್ಮ ಕೊಳವೆಯದು ಮಾತ್ರ ಬರಲಿಲ್ಲ. ಬೇಕಂತಲೇ ಕೊನೆಗೆ ಇಟ್ಟುಕೊಂಡಿದ್ದ.

ಎಂಟನೇ ನಿಯಮ ಬೋರ್ಡಿಗೆ ಬಿದ್ದದ್ದು ಕೊನೆಯ ದಿನ, ಮಧ್ಯಾಹ್ನ ನಾಲ್ಕಕ್ಕೆ. ಭಟ್ಟಿ ಆರಿ ಎಪ್ಪತ್ತೆರಡನೇ ದಿನ. ನಾನು ನಕಲು ಮಾಡಿಕೊಂಡು ಬೇಕರಿಯ ತಾರಸಿ ಹತ್ತಿದೆ. ಹೀಗಿತ್ತು: ಬೇಕರಿಯ ಹೊಗೆಕೊಳವೆ ನೆಲದಿಂದ ಸರಿಯಾಗಿ ಮೂವತ್ತಾರು ಅಡಿ ಇರಬೇಕು. ಅದರ ಬಾಯಿ ಒಂದು ಪಕ್ಕಕ್ಕೆ ಬಾಗಿರಬೇಕು. ಆ ಬಾಯಿಯ ನೇರಕ್ಕೆ ಅರವತ್ತು ಅಡಿಯೊಳಗೆ ಯಾವುದೇ ವಾಸದ ಮನೆ ಇರಬಾರದು.

ಅವನ ಯೋಚನೆ ಕನ್ನಡಿಯಷ್ಟು ಸ್ಪಷ್ಟ. ನಮ್ಮ ಬೀದಿಯಲ್ಲಿ ಮನೆಗೆ ಮನೆ ಅಂಟಿಕೊಂಡಿವೆ. ಉತ್ತರಕ್ಕೆ ದರ್ಜಿಯ ಮನೆ, ಪೂರ್ವಕ್ಕೆ ಮೇಷ್ಟರ ಮನೆ, ದಕ್ಷಿಣಕ್ಕೆ ನರ್ಸಿನ ಮನೆ. ಯಾವ ಕಡೆ ತಿರುಗಿಸಿದರೂ ಮನೆ. ಭಟ್ಟಿ ಸತ್ತಿತು, ಮೂರು ವರ್ಷ ಯಾರೂ ಎಬ್ಬಿಸುವಂತಿಲ್ಲ, ಅದೂ ನಾವೇ ಕೈಮುಗಿದು ತರಿಸಿದ ಕಾನೂನಿನಿಂದ. ನನ್ನ ಕಾಲಡಿಯ ತಾರಸಿ ಜರುಗಿದ ಹಾಗಾಯಿತು.

ಆಮೇಲೆ ಪಶ್ಚಿಮಕ್ಕೆ ತಿರುಗಿದೆ.

ಪಶ್ಚಿಮಕ್ಕೆ ಬೀದಿ. ಬೀದಿಯ ಆಚೆ, ನಲವತ್ತು ಅಡಿ ದೂರದಲ್ಲಿ, ನಿಯಮ ಕಚೇರಿ. ಮೂರನೇ ಮಹಡಿಯ ಕಿಟಕಿ ನೆಲದಿಂದ ಕರೆಕ್ಟಾಗಿ ಮೂವತ್ತಾರು ಅಡಿ. ನನ್ನ ಕಣ್ಣು ಅಳತೆ ಪಟ್ಟಿಯನ್ನೇ ತಿದ್ದುತ್ತದೆ. ಕಿಟಕಿ ತೆರೆದಿತ್ತು, ಒಳಗೆ ಬೋಳುತಲೆ ಹೊಳೆಯುತ್ತಿತ್ತು. ಕಚೇರಿ ವಾಸದ ಮನೆಯಲ್ಲ. ಅಲ್ಲಿ ಯಾರೂ ವಾಸ ಮಾಡುವುದಿಲ್ಲ, ಹತ್ತರಿಂದ ಐದೂವರೆ ಕೂರುತ್ತಾರೆ ಅಷ್ಟೇ. ಅವನು ಮನೆಗಳ ನಕ್ಷೆ ನೋಡಿ ಬರೆದಿದ್ದ, ಆ ನಕ್ಷೆಯಲ್ಲಿ ಕಚೇರಿಗೆ ಬಣ್ಣವೇ ಇಲ್ಲ. ಎಂದಿನ ಹಾಗೆ ಎರಡನೇ ಸಲ ಓದಿರಲಿಲ್ಲ.

ನನಗೆ ಬಂದ ನಗುವನ್ನು ಬಿಟ್ಟಿದ್ದರೆ ಮೂರು ಬೀದಿಯ ಕಿಟಕಿ ಗಾಜು ಒಡೆಯುತ್ತಿತ್ತು. ಬಿಡಲಿಲ್ಲ. ಗಂಟೆ ನಾಲ್ಕೂಕಾಲು. ಐದೂವರೆಗೆ ರಿಜಿಸ್ಟರು ಮುಚ್ಚುವ ತನಕ ಅವನು ತೇಪೆ ಹಾಕಬಹುದಿತ್ತು. ಅವನು ಕಿಟಕಿಗೆ ಬಂದು ನಿಂತಿದ್ದ, ನನ್ನ ಮುಖ ನೋಡಲು. ನಾನು ಪಶ್ಚಿಮದಿಂದ ಕಣ್ಣು ಕಿತ್ತು, ತಾರಸಿಯ ಮೇಲೆ ಕುಕ್ಕರಿಸಿ, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೆ. ನನ್ನಂಥ ನಟ ಹಿಂದೆ ಹುಟ್ಟಿಲ್ಲ. ಭುಜ ಕುಣಿಯುತ್ತಿದ್ದದ್ದು ನಗುವಿನಿಂದ. ಅಲ್ಲಿಂದ ನೋಡುವವನಿಗೆ ಅಳು.

ಅಷ್ಟರಲ್ಲಿ ಅಕ್ಕ ಮೇಲೆ ಬಂದಳು. ಕಾಗದ ಇಸಿದುಕೊಂಡು ಓದಿದಳು. ದರ್ಜಿಯ ಮನೆ ನೋಡಿದಳು, ಮೇಷ್ಟರ ಮನೆ ನೋಡಿದಳು, ನರ್ಸಿನ ಮನೆ ನೋಡಿದಳು. ಹೇಳಿಬಿಡಲೇ ಅಂತ ಬಾಯಿ ತೆರೆದೆ. ಆದರೆ ಅವಳಿಗೆ ನಟಿಸಲು ಬರುವುದಿಲ್ಲ. ಸಂತೋಷವಾದರೆ ಅವಳ ಮುಖ ಆ ಬೀದಿಯ ತುದಿಗೂ ಗೊತ್ತಾಗುತ್ತದೆ. ಬಾಯಿ ಮುಚ್ಚಿದೆ. ಅವಳು ನನ್ನ ಪಕ್ಕ ಕೂತಳು. ಭಾವ ಹೋದಾಗಲೂ ನಾನು ಅವಳು ಅತ್ತದ್ದು ನೋಡಿರಲಿಲ್ಲ. ಸದ್ದಿಲ್ಲದೆ, ಸೆರಗು ಬಾಯಿಗೆ ಒತ್ತಿಕೊಂಡು, ಎಪ್ಪತ್ತು ನಿಮಿಷ ಅತ್ತಳು. ಇದರಲ್ಲಿ ನಾನು ಒಂದು ನಿಮಿಷವನ್ನೂ ಸೇರಿಸಿ ಹೇಳುತ್ತಿಲ್ಲ. ಎದುರಿನ ಕಚೇರಿಯ ಗಡಿಯಾರ ಕಾಣುತ್ತಿತ್ತು. ನನ್ನ ನಗು ಮೊದಲ ಐದು ನಿಮಿಷಕ್ಕೇ ಇಂಗಿಹೋಗಿತ್ತು. ಆಮೇಲೆ ಕುಣಿದದ್ದು ನಟನೆಯಲ್ಲ.

ನಡುವೆ ಒಮ್ಮೆ ಅವಳು ತಲೆ ಎತ್ತಿದಳು. ಸಾಹೇಬ ಕಿಟಕಿಯಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿ ನಗುತ್ತಿದ್ದ. ಆಮೇಲೆ ಒಳಗೆ ಹೋದ. ಐದೂವರೆಗೆ ಕಚೇರಿಯ ಬಾಗಿಲು ಹಾಕಿದ ಸದ್ದು ಕೇಳಿತು. ಇನ್ನೂ ಐದು ನಿಮಿಷ ಕಾದು ನಾನು ಅಕ್ಕನ ಭುಜ ಹಿಡಿದು ಪಶ್ಚಿಮಕ್ಕೆ ತಿರುಗಿಸಿದೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮೊದಲು ಮಾಡಿದ್ದು ನನ್ನ ಕೆನ್ನೆಗೆ ಒಂದು ಬಿಟ್ಟದ್ದು. ಹಿಟ್ಟು ನಾದುವ ಕೈ. ಹಲ್ಲು ಮೂರು ದಿನ ಅದುರಿತು.

"ನಿಂಗೆ ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕಾ. ಅವ್ನು ನೋಡ್ತಿದ್ದ. ನೀನು ನಕ್ಕಿದ್ರೆ ಎಲ್ಲಾ ಹೋಗ್ತಿತ್ತು."

ಅವಳು ಮುಖ ಒರೆಸಿಕೊಂಡು ಆ ಖಾಲಿ ಕಿಟಕಿಯನ್ನು ಬಹಳ ಹೊತ್ತು ನೋಡಿದಳು. "ನಾನು ಅಳೋದು ನೋಡಿ ನಕ್ಕ," ಅಂದಳು. ನನಗೆ ಹೇಳಿದ್ದಲ್ಲ ಅದು.

ಎಂಟನೇ ಕೊಳವೆಯ ಬಗ್ಗೆ ಏನು ಹೇಳಲಿ. ಮೂರು ದಿನ ಹಿಡಿಯಿತು. ಹಿಂದಿನ ಏಳರ ತಗಡನ್ನೇ ಬಿಚ್ಚಿ, ತಟ್ಟಿ, ಸೇರಿಸಿದೆ. ಏಳು ನಿಯಮಗಳನ್ನು ಒಂದರ ಮೇಲೊಂದು ನಿಲ್ಲಿಸಿದ ಹಾಗೆ. ರಿವೆಟ್ಟುಗಳ ಸಾಲು ನೋಡಿ ಇರುವೆಗಳು ನಾಚಿದವು. ಬಾಯಿಯನ್ನು ಬಾಗಿಸಿ ಪಶ್ಚಿಮಕ್ಕೆ ತಿರುಗಿಸಿದ ಮೇಲೆ, ಒಂದು ಕಲ್ಲನ್ನು ಒಳಗೆ ಉರುಳಿಸಿದರೆ ಸಾಹೇಬನ ಟೀ ಲೋಟಕ್ಕೆ ಬೀಳುವಷ್ಟು ನೇರ. ಉರುಳಿಸಲಿಲ್ಲ. ಕಿಟಕಿಗೆ ಎದುರಾಗುವ ಬಾಯಿಗೆ ಗೋಣಿಚೀಲ ಕಟ್ಟಿದ್ದೆ, ಯಾರಿಗೂ ಕಾಣದಿರಲಿ ಅಂತ. ಎಪ್ಪತ್ತೈದನೇ ದಿನ ಅರ್ಜಿ ಕೊಟ್ಟೆವು. ಹದಿನಾಲ್ಕು ದಿನ ಕಾದೆವು. ನಿಯಮ ಅಲ್ಲಾಡಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ, ಒಂದು ಅರ್ಜಿ ಒಳಗೆ ಹೋದಾಗಲೂ ಹೊರಗೆ ಬಂದಾಗಲೂ ಅದೇ ನಿಯಮ ಇತ್ತು.

ಎಂಬತ್ತೊಂಬತ್ತನೇ ದಿನ ಇನ್‌ಸ್ಪೆಕ್ಟರು ಬಂದರು. ಟೇಪು ಹಿಡಿದು ಅಳೆದರು, ಮೂವತ್ತಾರು ಅಡಿ. ಗೋಣಿಚೀಲ ತೆಗೆಸಿ ಬಾಯಿಯ ನೇರಕ್ಕೆ ನೋಡಿದರು. ಎದುರಿನ ಕಿಟಕಿ ನೋಡಿದರು. ಕೈಯಲ್ಲಿದ್ದ ನಿಯಮ ಮತ್ತೊಮ್ಮೆ ಓದಿದರು. ಆ ಮನುಷ್ಯನ ತುಟಿ ನಡುಗಿದ್ದನ್ನು ನಾನು ನೋಡಿದೆ, ಆದರೆ ಈ ಸಲ ಪಾಪ ಅನ್ನಿಸಲಿಲ್ಲ. ವಾಸದ ಮನೆ ಯಾವುದೂ ಇಲ್ಲ ಅಂತ ಬರೆದು, ಸಹಿ ಹಾಕಿ, ಮುದ್ರೆಯನ್ನು ಅವರೇ ಒಡೆದರು. ಅಕ್ಕ ಸೌದೆ ಒಟ್ಟಿದಳು. ಹತ್ತೂವರೆಗೆ ಬೆಂಕಿ ಹಚ್ಚಿದಳು. ಭಟ್ಟಿಯ ಮುಂದೆ ಐದು ನಿಮಿಷ ಅಂಗೈ ಚಾಚಿ ನಿಂತಳು, ಯಾರದೋ ತಲೆ ಸವರುವ ಹಾಗೆ.

ಎಂಬತ್ತೊಂಬತ್ತು ದಿನ ತಣ್ಣಗಿದ್ದ ಭಟ್ಟಿ ಬಿಡುವ ಮೊದಲ ಹೊಗೆ ಎಂಥದು ಅಂತ ಬೇಕರಿಯವರನ್ನು ಕೇಳಿ. ಕಪ್ಪಗೆ, ದಪ್ಪಗೆ, ಬೀದಿಯ ಮೇಲೆ ಸೇತುವೆ ಕಟ್ಟಿದ ಹಾಗೆ ಹೋಯಿತು. ಅದರ ಮೇಲೆ ನಡೆದು ಒಂದು ಬೆಕ್ಕು ಆ ಬದಿಗೆ ಹೋಗಿದ್ದನ್ನು ನಾನು ಕಣ್ಣಾರೆ ಕಂಡೆ. ಮೂರನೇ ಮಹಡಿಯ ಕಿಟಕಿಯಿಂದ ಕೆಮ್ಮು ಕೇಳಿತು, ಆಮೇಲೆ ಕಿಟಕಿ ಮುಚ್ಚಿತು, ಸೆಕೆಗೆ ಮತ್ತೆ ತೆರೆಯಿತು, ಮತ್ತೆ ಕೆಮ್ಮು.

ಮುಂದಿನದನ್ನು ಹೇಳಿದ್ದು ಕ್ಲರ್ಕಮ್ಮ. ಸಾಹೇಬ ತಕ್ಷಣ ಕಾಗದ ಎಳೆದು, ವಾಸದ ಮನೆ ಅಥವಾ ಕಚೇರಿ, ಅಂತ ತಿದ್ದುಪಡಿ ಬರೆದು ಕಳಿಸಿದ. ಅಭ್ಯಾಸ ಬಲ. ಕ್ಲರ್ಕಮ್ಮ ಅದನ್ನು ಓದಿ ಎದ್ದು ಹೋಗಿ ಅವನ ಮೇಜಿನ ಮೇಲಿಟ್ಟಳು. ಇದಕ್ಕೆ ನಂಬರು ಹಾಕೋಕೆ ಇನ್ನೂ ಎರಡು ವರ್ಷ ಹನ್ನೊಂದೂವರೆ ತಿಂಗಳಿದೆ ಸಾರ್, ಅಂದಳಂತೆ. ಬೇರೆ ಕೋಣೆಗೆ ಹೋಗುತ್ತೇನೆ ಅಂದ. ಯಾರ ಮೇಜು ಎಲ್ಲಿರಬೇಕು ಅಂತ ಅವನೇ ಹೊರಡಿಸಿದ್ದ ನಿಯಮವನ್ನು ಅವಳು ರಿಜಿಸ್ಟರಿನಲ್ಲಿ ತೆರೆದು ತೋರಿಸಿದಳು. ಆಪತ್ತು ಅಂತ ನಗರಸಭೆಗೆ ಬರೆದ. ಸಭೆ ಕಾರಣ ಕೇಳಿತು. ಬೇಕರಿ ಅಂತ ಬರೆಯಬೇಕಾಗಿ ಬಂತು. ಆ ಪತ್ರವನ್ನು ಸಭೆಯಲ್ಲಿ ಓದಿದಾಗ ಸದಸ್ಯರು ನಕ್ಕ ನಗುವಿಗೆ ಭವನದ ಗೋಡೆ ಬಿರುಕು ಬಿಟ್ಟಿದೆ, ಹೋಗಿ ನೋಡಬಹುದು.

ಎರಡು ವಾರದ ಮೇಲೆ ಅವನೇ ಬೀದಿ ದಾಟಿ ಬಂದ. ಕಣ್ಣು ಕೆಂಪಗೆ, ಅಂಗಿಯ ಕಾಲರು ಬೂದು. ಗಿರಾಕಿಗಳ ಸಾಲು ಬಾಗಿಲ ತನಕ ಇತ್ತು. ಅವನು ಸಾಲಿನ ಪಕ್ಕದಿಂದ ಬಂದು ಕೌಂಟರಿಗೆ ಕೈ ಊರಿದ. ಕೊಳವೆಯ ಬಾಯಿಯನ್ನು ಒಂದು ಗೇಣು ತಿರುಗಿಸಿ, ಒಂದು ಗೇಣು ಸಾಕು, ಅಂತ ಕೇಳಿದ.

"ಒಂದು ಗೇಣು ತಿರುಗಿಸಿದ್ರೆ ದರ್ಜಿ ಮನೆ ಬರುತ್ತೆ ಸಾರ್," ಅಂದಳು ಅಕ್ಕ. "ನಿಯಮ ಮುರಿದ ಹಾಗಾಗುತ್ತೆ. ನೀವೇ ಮುದ್ರೆ ಒತ್ತಬೇಕಾಗುತ್ತೆ."

ಅವನು ನನ್ನ ಕಡೆ ನೋಡಿದ. ನಾನು ತಗಡು ಕತ್ತರಿಯಿಂದ ಉಗುರು ಕತ್ತರಿಸಿಕೊಳ್ಳುತ್ತಿದ್ದೆ. ಈ ಕ್ಷಣಕ್ಕಾಗಿ ನಾನು ಒಂಬತ್ತು ಮಾತುಗಳನ್ನು ಆರಿಸಿಟ್ಟಿದ್ದೆ, ಒಂದೊಂದೂ ಅವನ ಚರ್ಮ ಸುಲಿಯುವಂಥದು. ಅಕ್ಕ ಕಣ್ಣಲ್ಲೇ ಬೇಡ ಅಂದಳು. ನುಂಗಿಕೊಂಡೆ. ಇವತ್ತಿಗೂ ಎದೆ ಉರಿಯುತ್ತದೆ.

ಅಲ್ಲಿಗೆ ನನ್ನ ಪಾಲಿನ ಸೇಡು ಮುಗಿದಿತ್ತು. ಒಂದು ತಿಂಗಳು ಕಳೆದು ಕ್ಲರ್ಕಮ್ಮ ಸುದ್ದಿ ತಂದಳು: ಸಾಹೇಬ ವರ್ಗಾವಣೆ ಕೇಳಿದ್ದಾನೆ, ಮೇಲಿನವರು ಒಪ್ಪುವ ಹಾಗಿದೆ, ಹದಿನೈದು ದಿನದಲ್ಲಿ ಬೇರೆ ಊರು. ನಾನು ಕುಣಿದೆ. ಗೆದ್ದೆವು ಅಂದೆ, ಓಡಿಸಿದೆವು ಅಂದೆ. ಅಕ್ಕ ಹಿಟ್ಟು ನಾದುವುದನ್ನು ನಿಲ್ಲಿಸಿದಳು.

"ಹೋಗ್ಬಾರ್ದು ಅವ್ನು," ಅಂದಳು.

ನನಗೆ ತಲೆಬುಡ ಗೊತ್ತಾಗಲಿಲ್ಲ. ಅವಳು ಕೈ ತೊಳೆದು, ಕ್ಲರ್ಕಮ್ಮನಿಂದ ಒಂದು ಉದ್ದನೆಯ ಹಾಳೆ ತರಿಸಿ, ಚೆಂದದ ಅಕ್ಷರದಲ್ಲಿ ಬರೆಸಿದಳು: ನಮ್ಮ ನಿಯಮ ಕಚೇರಿಯ ಮುಖ್ಯಾಧಿಕಾರಿಗಳಂಥ ದಕ್ಷ ಅಧಿಕಾರಿಯನ್ನು ಈ ಊರು ಹಿಂದೆ ಕಂಡಿಲ್ಲ, ಇವರ ಮೇಲೆ ಜನರಿಗೆ ಅಪಾರ ಪ್ರೀತಿ, ಇವರನ್ನು ಕನಿಷ್ಠ ಮೂರು ವರ್ಷ ಇಲ್ಲಿಂದ ಕದಲಿಸಬಾರದು. ಆ ಹಾಳೆಯನ್ನು ಕೌಂಟರಿನ ಮೇಲೆ ಇಟ್ಟು, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು ಇಟ್ಟಳು. ಬನ್ನು ಬೇಕಾದವರು ಮೊದಲು ಸಹಿ ಹಾಕಿ ಅಂದಳು. ದರ್ಜಿ ಹಾಕಿದ, ಮೇಷ್ಟರು ಹಾಕಿದರು, ನರ್ಸು ಎರಡು ಸಲ ಹಾಕಿದಳು. ಲಾಂಡ್ರಿಯಮ್ಮ ಓದಿ ನೆಲಕ್ಕೆ ಕೂತು ನಕ್ಕು, ಎದ್ದು ಹಾಕಿದಳು. ನಿಯಮ ಕಚೇರಿಯ ಗುಮಾಸ್ತರೆಲ್ಲ ಒಬ್ಬರ ಹಿಂದೆ ಒಬ್ಬರು ಬಂದು, ಯಾರೂ ಬಾಯಿ ಬಿಡದೆ, ಹಾಕಿದರು. ನಾಲ್ಕು ಲಕ್ಷ ಸಹಿ. ಅಕ್ಕ ನಾನೂರ ಹನ್ನೆರಡು ಅನ್ನುತ್ತಾಳೆ, ಹಾಗೇ ಇರಲಿ.

ಮೇಲಿನವರು ಬೆರಗಾದರಂತೆ. ಇಷ್ಟು ವರ್ಷದ ನೌಕರಿಯಲ್ಲಿ ಜನ ಒಬ್ಬ ಅಧಿಕಾರಿಯನ್ನು ಬೇಕು ಅಂದದ್ದನ್ನು ಅವರು ಕೇಳಿರಲಿಲ್ಲ. ಸಾರ್ವಜನಿಕರ ಒತ್ತಾಯದ ಮೇರೆಗೆ ವರ್ಗಾವಣೆ ರದ್ದು, ಮೂರು ವರ್ಷ ಇಲ್ಲೇ ಮುಂದುವರಿಕೆ, ಜೊತೆಗೆ ಒಂದು ಮೆಚ್ಚುಗೆ ಪತ್ರ. ಕ್ಲರ್ಕಮ್ಮ ಅದಕ್ಕೆ ಸಂಖ್ಯೆ ಹಾಕುವಾಗ ಕೈ ಒಂದಿಷ್ಟೂ ನೋಯಲಿಲ್ಲವಂತೆ.

ಆ ಪತ್ರ ಅವನ ಕೈ ಸೇರಿದ ಬೆಳಿಗ್ಗೆ ನಾವು ಬೇಕರಿಯ ಬಾಗಿಲಲ್ಲಿ ನಿಂತಿದ್ದೆವು. ಅವನು ಕಿಟಕಿಗೆ ಬಂದ. ಪತ್ರ ಕೈಯಲ್ಲೇ ಇತ್ತು. ಕೆಳಗೆ ನಮ್ಮನ್ನು ನೋಡಿದ, ಬಹಳ ಹೊತ್ತು ನೋಡಿದ. ಬಿಸಿಲಿಗೆ ಆ ತಲೆ ಹೊಳೆಯಲಿಲ್ಲ, ಮಸಿ ಕೂತಿತ್ತು. ಅಕ್ಕ ಅವನಿಗೆ ಕೈಮುಗಿದಳು, ವಿನಯದಿಂದ, ಊರೇ ನೋಡುವ ಹಾಗೆ. ಆಮೇಲೆ ಒಳಗೆ ಹೋಗಿ ಭಟ್ಟಿಯ ಬಾಯಿಗೆ ಬಗ್ಗಿ ಬೆಂಕಿ ನೋಡಿದಳು.

"ಈ ಸೌದೆ ತೀರಾ ಒಣಗಿದೆ ಕಣೋ," ಅಂದಳು. "ಹೊಗೇನೇ ಬರ್ತಿಲ್ಲ. ಹಸಿ ಸೌದೆ ಎಲ್ಲಾದ್ರೂ ಸಿಗುತ್ತಾ ನೋಡು, ಮೂರು ವರ್ಷಕ್ಕೆ ಆಗೋವಷ್ಟು."